ಟಾರ್ಚ್ ಚಾರ್ಜ್ ಹಿಡೀತಿಲ್ಲ: ಲೆಡ್ ಆಸಿಡ್ ಹಾಕಿಸೋದೋ, ಲಿಥಿಯಂ ಹಾಕಿಸೋದೋ?

ಸಿಂಧನೂರು, ಗಂಗಾವತಿ ಕಡೆ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವವರಿಗೆ ಟಾರ್ಚ್ ಬೇಕೇ ಬೇಕು. ಅದು ಚಾರ್ಜ್ ಹಿಡಿಯದಿದ್ದರೆ ಮೊದಲು ಪ್ಲಗ್ ಕಿತ್ತು, ಬಿಚ್ಚಿ, ಮಲ್ಟಿಮೀಟರನ್ನು (ವೋಲ್ಟ್ ಅಳೆಯುವ ಸಾಧನ) 20 ವೋಲ್ಟ್ ಡಿಸಿಗೆ ಇಟ್ಟು ಬ್ಯಾಟರಿ ಅಳೆಯಿರಿ. ನೇರ ಸಾಕೆಟ್‌ಗೆ ಚುಚ್ಚುವ ಟಾರ್ಚನ್ನು ಕರೆಂಟಿನಲ್ಲಿಟ್ಟು ಬಿಚ್ಚಲೇಬೇಡಿ, ಜೀವಕ್ಕೆ ಅಪಾಯ.

4 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಅಗ್ಗ, ಆದರೆ ಭಾರ. ಪೂರ್ತಿ ಖಾಲಿ ಮಾಡಿ ವಾರಗಟ್ಟಲೆ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಚಾರ್ಜರ್ ಹಾಕಿದಾಗ 4 ವೋಲ್ಟ್ ತೋರಿಸಿದರೂ, ಬಲ್ಬ್ ಹೊತ್ತಿಸಿದ ಕೂಡಲೇ ಕುಸಿಯುತ್ತದೆ. ಅಂಥದ್ದನ್ನು ಬದಲಿಸುವುದೇ ಸರಿ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಲೇಬೇಕು.

18650 ಎಂಬ ಅಳತೆಯ ದುಂಡು ಲಿಥಿಯಂ ಸೆಲ್ ಹಗುರ, ತಿಂಗಳುಗಟ್ಟಲೆ ಚಾರ್ಜ್ ಉಳಿಸಿಕೊಳ್ಳುತ್ತದೆ. ತುಂಬಿದಾಗ 4.2 ವೋಲ್ಟ್, 2.5ಕ್ಕಿಂತ ಕೆಳಗಿಳಿದ ಸೆಲ್ಲನ್ನು ಎಬ್ಬಿಸಲು ಹೋಗಬೇಡಿ. ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಇಟ್ಟರೆ ಎರಡೂ ಬೇಗ ಸಾಯುತ್ತವೆ.

ನಮ್ಮ ಆಯ್ಕೆ: ದಿನವೂ ಬಳಸುವವರಿಗೆ ಲಿಥಿಯಂ. ಆದರೆ ಹಳೇ ಲೆಡ್ ಆಸಿಡ್ ಚಾರ್ಜಿಂಗ್ ಬೋರ್ಡಿಗೆ ಲಿಥಿಯಂ ಸೆಲ್ ಬೆಸೆಯುವುದು ತೀರಾ ತಪ್ಪು. ಅದು 4.2 ದಾಟಿ ವೋಲ್ಟ್ ಕೊಡುತ್ತದೆ, ಸೆಲ್ ಬೆಂಕಿ ಹಿಡಿಯಬಹುದು. ಆ ಬೋರ್ಡ್ ತೆಗೆದು, ರಕ್ಷಣಾ ಸರ್ಕಿಟ್ ಇರುವ ಟಿಪಿ4056 ಎಂಬ ಲಿಥಿಯಂ ಚಾರ್ಜಿಂಗ್ ಬೋರ್ಡ್ ಹಾಕಿಸಿ. 5 ವೋಲ್ಟಿನ ಮೊಬೈಲ್ ಚಾರ್ಜರ್ ಸಾಕು.