ಬೆಸ್ಸೆಮರ್‌ನ ಆ್ಯಂಟಿ-ಪೋರ್ಟ್‌ಫೋಲಿಯೊ ಮತ್ತು ಮೆಮೊಗಳು: ಏಂಜಲ್ ಗುಂಪುಗಳಿಗೆ ಎಷ್ಟು ಉಪಯೋಗ?

ಬೆಸ್ಸೆಮರ್ ವೆಂಚರ್ ಪಾರ್ಟ್‌ನರ್ಸ್ ಅಮೆರಿಕದ ಹಳೆಯ ವೆಂಚರ್ ಕ್ಯಾಪಿಟಲ್ ಸಂಸ್ಥೆ, ಅಂದರೆ ಬೆಳೆಯಬಲ್ಲ ಹೊಸ ಕಂಪನಿಗಳಲ್ಲಿ ಹಣ ಹೂಡುವ ಸಂಸ್ಥೆ. ಕಾರ್ನೆಗಿ ಸ್ಟೀಲ್‌ನ ಪಾಲುದಾರ ಹೆನ್ರಿ ಫಿಪ್ಸ್ ಕುಟುಂಬದ ಹಣದಿಂದ ಹುಟ್ಟಿದ ಇದರ ಬೇರು 1911ಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲೂ ಕಚೇರಿಯಿದೆ, ಬಿಗ್‌ಬಾಸ್ಕೆಟ್, ಸ್ವಿಗ್ಗಿಗಳಲ್ಲಿ ಹಣ ಹೂಡಿದೆ. ಈ ಸಂಸ್ಥೆ ತನ್ನ ಜಾಲತಾಣದಲ್ಲಿ ಎರಡು ದಾಖಲೆಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಒಂದು, ಹಣ ಹೂಡುವ ಅವಕಾಶವಿದ್ದೂ ಕೈಬಿಟ್ಟ ಕಂಪನಿಗಳ ಪಟ್ಟಿ, ಅಂದರೆ ಆ್ಯಂಟಿ-ಪೋರ್ಟ್‌ಫೋಲಿಯೊ. ಇನ್ನೊಂದು, ಹೂಡಿಕೆಗೆ ಮುನ್ನ ಬರೆದ ಒಳಗಿನ ಮೆಮೊಗಳು. ಹೆಸರು ಮಾಡಿರುವುದು ಮೊದಲನೆಯದು. ಏಂಜಲ್ ಗುಂಪುಗಳಿಗೆ, ಅಂದರೆ ಹೊಸ ಕಂಪನಿಗಳಲ್ಲಿ ಸ್ವಂತ ಹಣವನ್ನು ಒಟ್ಟಾಗಿ ಹೂಡುವವರಿಗೆ, ಕೆಲಸಕ್ಕೆ ಬರುವುದು ಎರಡನೆಯದು.

ಪಟ್ಟಿಯಲ್ಲಿ ಆ್ಯಪಲ್, ಗೂಗಲ್, ಫೇಸ್‌ಬುಕ್, ಇಬೇ, ಪೇಪಾಲ್, ಟೆಸ್ಲಾ ಎಲ್ಲ ಇವೆ. ಫೆಡೆಕ್ಸ್ ಅನ್ನು ಬೇಡವೆಂದದ್ದು ಏಳು ಬಾರಿ. ಪ್ರತಿ ನಮೂದೂ ನಾಲ್ಕಾರು ಸಾಲಿನದು, ಹೆಚ್ಚಿನ ಕಡೆ ಬಿಟ್ಟ ಪಾಲುದಾರನ ಹೆಸರೂ ಇದೆ. ತಪ್ಪನ್ನು ಹೀಗೆ ಹೆಸರು ಸಹಿತ ಒಪ್ಪಿಕೊಳ್ಳುವ ಧೈರ್ಯ ಹಣಕಾಸು ಲೋಕದಲ್ಲಿ ಅಪರೂಪ, ಅದಕ್ಕೆ ಪೂರ್ಣ ಗೌರವ ಸಲ್ಲಬೇಕು. ಆದರೆ ಕಲಿಕೆಯ ಸಾಧನವಾಗಿ ಈ ಪಟ್ಟಿ ದುರ್ಬಲ. 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಎನ್ನುವ ಹಾಗೆ, ಫಲಿತಾಂಶ ಗೊತ್ತಾದ ಮೇಲೆ ಬರೆದ ಕಾರಣ ಅಂದಿನ ನಿಜವಾದ ಕಾರಣವೇ ಎಂದು ಹೇಳಲಾಗದು. ಜೊತೆಗೆ ಇಲ್ಲಿರುವುದು ಗೆದ್ದ ಕಂಪನಿಗಳು ಮಾತ್ರ. ಅದೇ ಕಾರಣ ಕೊಟ್ಟು ಬಿಟ್ಟು, ನಂತರ ಮುಳುಗಿಹೋದ ಕಂಪನಿಗಳು ಎಷ್ಟಿದ್ದವು? ಆ ಲೆಕ್ಕ ಪಟ್ಟಿಯಲ್ಲಿಲ್ಲ.

ಏರ್‌ಬಿಎನ್‌ಬಿ ನಮೂದು ಮಾತ್ರ ಬೇರೆ ಜಾತಿಯದು, ನಿಧಾನವಾಗಿ ಓದಬೇಕಾದದ್ದು. 2010ರ ಜನವರಿಯಲ್ಲಿ ಅದರ ತಿಂಗಳ ಆದಾಯ ಮೊದಲ ಬಾರಿಗೆ 1 ಲಕ್ಷ ಡಾಲರ್ ಮುಟ್ಟಿತ್ತು. ಕೇಳಿದ 4 ಕೋಟಿ ಡಾಲರ್ ವ್ಯಾಲ್ಯುವೇಶನ್, ಅಂದರೆ ಇಡೀ ಕಂಪನಿಗೆ ಕಟ್ಟಿದ ಬೆಲೆ, ಬೆಸ್ಸೆಮರ್‌ಗೆ ವಿಪರೀತ ಅನಿಸಿತು. ಮೇ ತಿಂಗಳಲ್ಲಿ ಮತ್ತೆ ಮಾತಾಡೋಣ ಎಂದಾಯಿತು. ಫೆಬ್ರವರಿಯಲ್ಲಿ ಆದಾಯ 2 ಲಕ್ಷ, ಮಾರ್ಚ್‌ನಲ್ಲಿ 3 ಲಕ್ಷ. ಏಪ್ರಿಲ್‌ನಲ್ಲಿ ಬೇರೆಯವರು ಒಂದೂವರೆ ಪಟ್ಟು ಬೆಲೆಗೆ ಹಣ ಹಾಕಿಬಿಟ್ಟರು. ಇಲ್ಲಿ ಎಡವಿದ್ದು ಕೆಲಸದ ಕ್ರಮ. ಮತ್ತೆ ನೋಡುವುದನ್ನು ಕ್ಯಾಲೆಂಡರ್‌ಗೆ ಕಟ್ಟಿದರು, ಅಂಕಿಗೆ ಕಟ್ಟಲಿಲ್ಲ. 'ಆದಾಯ 2 ಲಕ್ಷ ದಾಟಿದ ದಿನವೇ ಸಭೆ' ಎಂದು ಬರೆದುಕೊಂಡು, ತಿಂಗಳ ಲೆಕ್ಕ ತರಿಸಿಕೊಂಡಿದ್ದರೆ ಫೆಬ್ರವರಿ ಕೊನೆಗೇ ಎಚ್ಚರವಾಗುತ್ತಿತ್ತು. ಯಾವ ಗುಂಪೂ ನಾಳೆಯೇ ಜಾರಿಗೆ ತರಬಹುದಾದ ತಿದ್ದುಪಡಿ ಇದು.

ಬೆಲೆಯ ವಿಷಯದಲ್ಲೂ ಲೆಕ್ಕ ಹಾಕಿ ನೋಡಿ. 10 ಕಂಪನಿಗಳಿಗೆ ತಲಾ 1 ಕೋಟಿ ರೂಪಾಯಿ. 6 ಸೊನ್ನೆ, 3 ಅಸಲು ವಾಪಸ್, 1 ಮಾತ್ರ 50 ಪಟ್ಟು. ಒಟ್ಟು 53 ಕೋಟಿ. ಆ ಒಂದನ್ನು ಒಂದೂವರೆ ಪಟ್ಟು ಬೆಲೆಗೆ ಕೊಂಡಿದ್ದರೂ ಸುಮಾರು 36 ಕೋಟಿ ಬರುತ್ತದೆ. ದುಬಾರಿಯೆಂದು ಬಿಟ್ಟರೆ ಕೈಯಲ್ಲುಳಿಯುವುದು ಹೂಡದ 1 ಕೋಟಿಯೂ ಸೇರಿ 4 ಕೋಟಿ. ಹಾಗೆಂದು ಬೆಲೆ ನೋಡಲೇಬಾರದು ಎಂಬ ತೀರ್ಮಾನಕ್ಕೆ ಈ ಪಟ್ಟಿಯಿಂದ ಬರುವುದು ತಪ್ಪು, ಏಕೆಂದರೆ ಬೆಲೆಯ ಶಿಸ್ತು ಉಳಿಸಿದ ಹಣ ಇಲ್ಲಿ ಕಾಣುವುದೇ ಇಲ್ಲ.

ಈಗ ಮೆಮೊಗಳು. ಶಾಪಿಫೈ, ಲಿಂಕ್ಡ್‌ಇನ್, ಪಿಂಟರೆಸ್ಟ್, ಟ್ವಿಲಿಯೊ ಮುಂತಾದವಕ್ಕೆ ಹಣ ಹಾಕುವ ಮೊದಲು ಬರೆದವು. ಮಾರುಕಟ್ಟೆ, ತಂಡ, ಪೈಪೋಟಿ, ಅಪಾಯ ಎಲ್ಲವೂ ಅಂದಿನ ತಿಳಿವಳಿಕೆಯಲ್ಲೇ ಇವೆ. 2010ರ ಶಾಪಿಫೈ ಮೆಮೊದಲ್ಲಿ ಅವರು ಊಹಿಸಿದ ಅತ್ಯುತ್ತಮ ಫಲಿತಾಂಶ 40 ಕೋಟಿ ಡಾಲರ್. 2015ರಲ್ಲಿ ಷೇರುಪೇಟೆಗೆ ಬಂದಾಗಲೇ ಕಂಪನಿಯ ಮೌಲ್ಯ 100 ಕೋಟಿ ಡಾಲರ್ ದಾಟಿತ್ತು. ನಿರ್ಧಾರ ಸರಿ, ಅಂದಾಜು ತಪ್ಪು: ಈ ಎರಡನ್ನೂ ಬೇರೆಯಾಗಿ ನೋಡಲು ಸಾಧ್ಯವಾಗುವುದು ಅಂಕಿಯನ್ನು ಮೊದಲೇ ಬರೆದಿಟ್ಟಿದ್ದರಿಂದ.

ಬಳಸುವ ಕ್ರಮ ಹೀಗಿರಲಿ. ಐದಾರು ಮಂದಿಯ ಗುಂಪಿನಲ್ಲಿ ಒಬ್ಬರು ಮೆಮೊದಿಂದ ಕಂಪನಿಯ ಹೆಸರು ಅಳಿಸಿ ಹಂಚಬೇಕು. ಶಾಪಿಫೈಯಂಥದ್ದು ಎರಡೇ ಸಾಲಿಗೆ ಗುರುತು ಸಿಗುತ್ತದೆ, ಹಾಗಾಗಿ ಕಡಿಮೆ ಪರಿಚಯದ ಕಂಪನಿ ಆರಿಸಿ. ಓದಲು ಒಂದು ಗಂಟೆ ಕೊಡಿ. ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ಹೂಡುತ್ತೇನೋ ಇಲ್ಲವೋ, ಎಷ್ಟು ಶೇಕಡಾ ಖಚಿತ, ಯಾವ ಅಂಕಿ ಕಂಡರೆ ಮನಸ್ಸು ಬದಲಿಸುತ್ತೇನೆ ಎಂದು ಚೀಟಿಯಲ್ಲಿ ಬರೆಯಬೇಕು. ಹಿರಿಯರು ಬಾಯಿಬಿಟ್ಟ ಮೇಲೆ ಬರೆದರೆ ಎಲ್ಲರ ಚೀಟಿಯೂ ಒಂದೇ ಆಗುತ್ತದೆ. ಹೆಚ್ಚಿನ ಗುಂಪುಗಳು ಕೆಡುವುದು ಇಲ್ಲೇ.

ಆಮೇಲೆ ಇದೇ ನಮೂನೆಯನ್ನು ನಿಮ್ಮ ಸ್ವಂತ ಹೂಡಿಕೆಗಳಿಗೆ ತನ್ನಿ. ಸ್ಟಾರ್ಟಪ್‌ನ ಕೊನೆಯ ಫಲಿತಾಂಶಕ್ಕೆ 7ರಿಂದ 10 ವರ್ಷ ಕಾಯಬೇಕಾಗಬಹುದು, ಅಷ್ಟು ತಡವಾಗಿ ಬರುವ ಪಾಠ ಯಾರಿಗೂ ನಾಟುವುದಿಲ್ಲ. '12 ತಿಂಗಳಲ್ಲಿ ಮಾಸಿಕ ಆದಾಯ 20 ಲಕ್ಷ ದಾಟುತ್ತದೆ: ಶೇ 70' ಎಂಬಂಥ ಹತ್ತಿರದ ಊಹೆ ಬರೆಯಿರಿ. ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಅಳತೆ ಇದಕ್ಕೆ ಸಾಕು: ನಡೆದರೆ 1, ನಡೆಯದಿದ್ದರೆ 0 ಎಂದು ಹಿಡಿದು, ಊಹೆಗೂ ಫಲಿತಾಂಶಕ್ಕೂ ಇರುವ ವ್ಯತ್ಯಾಸವನ್ನು ಅದರಿಂದಲೇ ಗುಣಿಸಿದ್ದು. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಶೇ 70 ಎಂದದ್ದು ನಡೆದರೆ 0.09, ನಡೆಯದಿದ್ದರೆ 0.49. ಎಲ್ಲಕ್ಕೂ ಶೇ 50 ಎಂದವರ ಅಂಕ 0.25. ಮೂವತ್ತು ನಲವತ್ತು ಊಹೆಗಳ ನಂತರವೂ ಸರಾಸರಿ ಅದಕ್ಕಿಂತ ಹೆಚ್ಚಿದ್ದರೆ ನಿಮ್ಮ ಆತ್ಮವಿಶ್ವಾಸ ಗುಂಪಿನ ಹಣಕ್ಕೆ ಅಪಾಯ.

ದೊಡ್ಡ ಕೊರತೆಯೊಂದು ಉಳಿಯುತ್ತದೆ. ಪ್ರಕಟವಾದ ಮೆಮೊಗಳು ಬಹುಪಾಲು ಗೆಲುವಿನವು. ಹಣ ಹಾಕಿ ಕಳೆದುಕೊಂಡ ಕಂಪನಿಗಳ ಮೆಮೊಗಳೂ ಪಕ್ಕದಲ್ಲಿದ್ದರೆ ಎರಡರ ನಡುವೆ ಬರವಣಿಗೆಯಲ್ಲೇ ವ್ಯತ್ಯಾಸ ಕಾಣುತ್ತಿತ್ತೇ ಎಂದು ಪರೀಕ್ಷಿಸಬಹುದಿತ್ತು. ಆ ಅರ್ಧವನ್ನು ಪ್ರತಿ ಗುಂಪೂ ತನ್ನದೇ ಕಡತದಿಂದ ತುಂಬಿಕೊಳ್ಳಬೇಕು. ಮೆಮೊಗಳಿಗೆ 5ಕ್ಕೆ 4, ಪಟ್ಟಿಗೆ ಎರಡೂವರೆ. ಪಟ್ಟಿಯ ಅಂಕದಲ್ಲಿ ಅರ್ಧಕ್ಕಿಂತ ಹೆಚ್ಚು ಏರ್‌ಬಿಎನ್‌ಬಿ ನಮೂದೊಂದರದೇ.