ಚಿಕ್ಕಪೇಟೆಯ ಬೈಂಡಿಂಗ್ ಅಂಗಡಿಯಲ್ಲಿ ಎರಡು ಫ್ರೆಂಚ್ ಪುಸ್ತಕಗಳು

ತುಮಕೂರಿನ ಚಿಕ್ಕಪೇಟೆಯ ಓಣಿಯೊಂದರಲ್ಲಿ ನಾಮಫಲಕವೂ ಇಲ್ಲದ ಒಂದು ಬೈಂಡಿಂಗ್ ಅಂಗಡಿಯಿದೆ. ಮಂಡಿಪೇಟೆಯ ವರ್ತಕರ ಲೆಕ್ಕದ ಪುಸ್ತಕಗಳು ಮತ್ತು ಕಾಲೇಜು ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಿಂದ ಅದರ ಜೀವನ ಸಾಗುತ್ತದೆ. ಅಲ್ಲಿಗೆ ನಾನು ಒಯ್ದದ್ದು ಎಮಿಲ್ ಜೋಲಾನ ‘ಜೆರ್ಮಿನಾಲ್’ ಕಾದಂಬರಿಯ 1885ರ ಶಾರ್ಪಾಂತಿಯೇ ಪ್ರಕಾಶನದ ಪ್ರತಿಯನ್ನು, ಆಲ್ಬೇರ್ ಕಾಮುವಿನ ‘ಲಾ ಪೆಸ್ತ್’ ಕಾದಂಬರಿಯ 1947ರ ಗಾಲಿಮಾರ್ ಪ್ರಕಾಶನದ ಪ್ರತಿಯನ್ನು ಮತ್ತು ಒಂದು ಹಳೆಯ ಪತ್ರವನ್ನು. ಎರಡೂ ಸಾಮಾನ್ಯ ಕಾಗದದ ಪ್ರತಿಗಳು. ಹಾಲೆಂಡ್ ಅಥವಾ ಜಪಾನ್ ಎಂಬ ದುಬಾರಿ ಕಾಗದದಲ್ಲಿ ಅಚ್ಚಾದ ಕೆಲವೇ ಪ್ರತಿಗಳ ಬೆಲೆ ನನ್ನ ಪಿಂಚಣಿಗೆ ನಿಲುಕುವಂಥದ್ದಲ್ಲ.

ಈ ಪುಸ್ತಕಗಳ ವಿಚಾರದಲ್ಲಿ ಅಂಗಡಿಯವರಿಗೆ ಮೊದಲೇ ತಿಳಿಸಬೇಕಾದ ಸಂಗತಿಯೊಂದಿದೆ. ಫ್ರಾನ್ಸಿನಲ್ಲಿ ಬಹುಕಾಲ ಸಾಹಿತ್ಯ ಕೃತಿಗಳನ್ನು ತೆಳು ಕಾಗದದ ಹೊದಿಕೆಯಲ್ಲಿ, ಹಲವು ವೇಳೆ ಹಾಳೆಗಳ ಮಡಿಕೆಯನ್ನೂ ಬಿಡಿಸದೆ ಮಾರುತ್ತಿದ್ದರು. ಕೊಂಡವನು ಮಡಿಕೆಗಳನ್ನು ಕತ್ತರಿಸಿಕೊಂಡು ಓದಿ, ಮನಸ್ಸಿದ್ದರೆ ತನ್ನ ಬೈಂಡರಿನ ಬಳಿ ಚರ್ಮದ ಹೊದಿಕೆ ಮಾಡಿಸಿಕೊಳ್ಳುತ್ತಿದ್ದನು. ಆದ್ದರಿಂದ ಸಂಗ್ರಾಹಕರು ಎಷ್ಟೇ ಸೊಗಸಾದ ಚರ್ಮದ ಬೈಂಡನ್ನು ಕಂಡರೂ ಒಳಗೆ ಮೂಲ ಕಾಗದದ ಹೊದಿಕೆ ಉಳಿದಿದೆಯೇ, ಅಂಚುಗಳನ್ನು ಸವರಲಾಗಿದೆಯೇ ಎಂದು ಮೊದಲು ನೋಡುತ್ತಾರೆ. ಹೊದಿಕೆಯೇ ಸಾಕ್ಷಿಯಾಗುವ ಸಂದರ್ಭಗಳೂ ಇವೆ. ಕಾಮುವಿನ ‘ಲೆತ್ರಾಂಜೇ’ ಕಾದಂಬರಿ 1942ರಲ್ಲಿ ಮೊದಲ ಬಾರಿ ಅಚ್ಚಾದದ್ದು 4,400 ಪ್ರತಿ; ಅದೇ ಮುದ್ರಣದ ಅನೇಕ ಪ್ರತಿಗಳ ಹೊದಿಕೆಯ ಮೇಲೆ, ಪುಸ್ತಕ ಭರದಿಂದ ಮಾರಾಟವಾಗುತ್ತಿದೆ ಎನಿಸುವಂತೆ, ಹುಸಿ ಆವೃತ್ತಿ ಸಂಖ್ಯೆಗಳನ್ನು ಹಾಕಲಾಗಿತ್ತು.

ನಮ್ಮ ಬೈಂಡರುಗಳ ಕೈಗುಣ ಇದಕ್ಕೆ ತದ್ವಿರುದ್ಧ. ಹರಿದ ಹೊದಿಕೆಯನ್ನು ಕಿತ್ತು, ಮೂರು ಕಡೆಯೂ ಕಟಿಂಗ್ ಮೆಷಿನ್ನಿಗೆ ಕೊಟ್ಟು, ರಟ್ಟು ಹಚ್ಚಿ ರೆಕ್ಸಿನ್ ಸುತ್ತಿದರೆ ಅವರ ಪಾಲಿಗೆ ಅದು ಅಚ್ಚುಕಟ್ಟಾದ ಕೆಲಸ. ಹಿಂದೊಮ್ಮೆ ಬೇರೊಂದು ಅಂಗಡಿಯಲ್ಲಿ ನನ್ನ ಪುಸ್ತಕವೊಂದು ಹೀಗೆಯೇ ಅಂಚು ಕಳೆದುಕೊಂಡು, ಅಂಚಿನಲ್ಲಿ ಯಾರೋ ಬರೆದಿದ್ದ ಟಿಪ್ಪಣಿಗಳು ಅರ್ಧಕ್ಕೇ ತುಂಡಾಗಿ ಮನೆಗೆ ಬಂದಿತ್ತು. ಈ ಅಂಗಡಿಯ ಯಜಮಾನರು ಮಾತ್ರ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ‘ಲಾ ಪೆಸ್ತ್’ಗೆ ಹೊಲಿಗೆಯೂ ಬೇಡ, ಅಂಟೂ ಬೇಡ, ಅಳತೆಗೆ ತಕ್ಕ ಪೆಟ್ಟಿಗೆಯೊಂದು ಸಾಕು ಎಂದಾಗ, “ಸೀರೆ ಡಬ್ಬ ಇದ್ದಂಗಾ ಸಾರ್?” ಎಂದರು. ಅದಕ್ಕಿಂತ ಸರಿಯಾದ ವಿವರಣೆ ನನಗೂ ಹೊಳೆದಿರಲಿಲ್ಲ. ಪುಸ್ತಕವನ್ನು ಪಕ್ಕದಿಂದ ತೂರಿಸುವ ಗೂಡಿನಂಥ ಡಬ್ಬವಾದರೆ ಕಾಗದದ ಹೊದಿಕೆ ಪ್ರತಿ ಸಲವೂ ಉಜ್ಜಿ ಸವೆಯುತ್ತದೆ; ಮುಚ್ಚಳ ಪೂರ್ತಿ ತೆರೆದುಕೊಳ್ಳುವ ಪೆಟ್ಟಿಗೆಯಲ್ಲಿ ಆ ತೊಂದರೆಯಿಲ್ಲ. ಕ್ಯಾಲಿಕೋ ಬಟ್ಟೆ ಹೊದಿಸಿದ ಪೆಟ್ಟಿಗೆ ಕೂದಲೆಳೆಯಷ್ಟೂ ಸಡಿಲವಿಲ್ಲದೆ ಬಂದಿದೆ. ಒಳಗೆ ಅವರು ಬಳಸುವ ಬೂದು ರಟ್ಟಿನ ಆಮ್ಲ ಕಾಗದಕ್ಕೆ ತಾಗದಿರಲೆಂದು ಆಮ್ಲರಹಿತ ಹಾಳೆಯನ್ನು ಬೆಂಗಳೂರಿನಿಂದ ನಾನೇ ತಂದುಕೊಟ್ಟಿದ್ದೆ.

‘ಜೆರ್ಮಿನಾಲ್’ಗೆ ಯಾರೋ ಹಿಂದೆಯೇ ಬೆನ್ನು ಮತ್ತು ಮೂಲೆಗಳಿಗೆ ಚರ್ಮ ಹಾಕಿಸಿದ್ದರು, ಮುಂದಿನ ರಟ್ಟು ಬೆನ್ನಿನಿಂದ ಬಿಟ್ಟುಕೊಂಡಿತ್ತು. ಫೆವಿಕಾಲ್ ಬಳಸಿದರೆ ಮುಂದೆ ಬಿಡಿಸುವುದು ಕಷ್ಟವೆಂದು ಮೈದಾ ಅಂಟನ್ನೇ ಕೇಳಿಕೊಂಡೆ. ಹುಳ ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವ ವಾಡಿಕೆಯಿದೆಯಾದರೂ ತಾಮ್ರದ ಅಂಶ ಕಾಗದವನ್ನು ಕೆಡಿಸುವುದರಿಂದ ಅದನ್ನೂ ಬೇಡವೆಂದೆ. ಒಳಗಿನಿಂದ ತೆಳುಬಟ್ಟೆಯ ಪಟ್ಟಿ ಹಚ್ಚಿದ್ದಾರೆ. ಹೊರಗಿನಿಂದ ನೋಡಿದರೆ ಕೆಲಸ ನಡೆದದ್ದೇ ಗೊತ್ತಾಗುವುದಿಲ್ಲ, ರಟ್ಟು ಮಾತ್ರ ತುಸು ಬಿಗಿಯಾಗಿ ತೆರೆದುಕೊಳ್ಳುತ್ತದೆ.

ಈ ಪುಸ್ತಕಕ್ಕೂ ಒಂದು ಪೆಟ್ಟಿಗೆ ಮಾಡಿಸಿ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ಕನ್ನಡದ ಅಕ್ಷರಗಳನ್ನು ಒತ್ತಿಸಿದೆ, ಬಂದದ್ದು ‘ಜರ್ಮನಾಲ್’. ಫ್ರೆಂಚ್ ಕವಿ ಬೋದಿಲೇರನ ‘ಲೆ ಫ್ಲರ್ ದ್ಯು ಮಾಲ್’ ಕವನ ಸಂಕಲನದ 1857ರ ಮೊದಲ ಆವೃತ್ತಿಯಲ್ಲಿ ಕೆಲವು ಪುಟಗಳ ತಲೆಬರಹದಲ್ಲೇ ‘ಫ್ಲರ್’ ಎಂಬುದು ‘ಫರ್’ ಎಂದು ಅಚ್ಚಾಗಿದ್ದು, ಸಂಗ್ರಾಹಕರು ಆ ತಪ್ಪನ್ನು ಹುಡುಕಿ ನೋಡುತ್ತಾರೆ. ನನ್ನ ಪೆಟ್ಟಿಗೆಗೆ ಅಂಥ ಭಾಗ್ಯ ಬರಲಾರದು. ಒತ್ತಿಸುವ ಮೊದಲು ಅಕ್ಷರ ಜೋಡಣೆಯನ್ನು ಕಣ್ಣಾರೆ ನೋಡಿಕೊಳ್ಳಿ.

ಪತ್ರಗಳನ್ನು ಮಾತ್ರ ಇಲ್ಲಿ ಕೊಡಬೇಡಿ. ನನ್ನದು ಅಷ್ಟೇನೂ ಹೆಸರಿಲ್ಲದ ಲೇಖಕನೊಬ್ಬ ಸ್ವಹಸ್ತದಿಂದ ಬರೆದು ಸಹಿ ಹಾಕಿದ ಎರಡು ಪುಟ. ಅದಕ್ಕೆ ಲ್ಯಾಮಿನೇಷನ್ ಮಾಡಿಕೊಡುವೆವೆಂದು ಪ್ರೀತಿಯಿಂದಲೇ ಹೇಳಿದರು. ಬಿಸಿಯಿಂದ ಪ್ಲಾಸ್ಟಿಕ್ಕಿಗೆ ಅಂಟಿದ ಕಾಗದವನ್ನು ಮತ್ತೆ ಬಿಡಿಸಲಾಗದು. ಕಬ್ಬಿಣದ ಅಂಶವಿರುವ ಹಳೆಯ ಶಾಯಿಯಂತೂ ತಾನಾಗಿಯೇ ಕಾಗದವನ್ನು ತಿನ್ನುತ್ತಿರುತ್ತದೆ. ಪತ್ರವನ್ನು ಹಾಗೆಯೇ ವಾಪಸು ತಂದು ಆಮ್ಲರಹಿತ ಹಾಳೆಯ ಮಡಿಕೆಯಲ್ಲಿ ಮಲಗಿಸಿದ್ದೇನೆ.

ಎರಡು ಪೆಟ್ಟಿಗೆ ಮತ್ತು ಒಂದು ದುರಸ್ತಿಗೆ 1,350 ರೂಪಾಯಿ ತೆಗೆದುಕೊಂಡರು. ಹತ್ತು ದಿನವೆಂದದ್ದು ಐದು ವಾರವಾಯಿತು, ಏಕೆಂದರೆ ನಾನು ಹೋದದ್ದು ಪ್ರಾಜೆಕ್ಟ್ ವರದಿಗಳ ಕಾಲದಲ್ಲಿ. ಕಾಲೇಜುಗಳಿಗೆ ರಜೆ ಬಿಟ್ಟ ಮೇಲೆ ಹೋದರೆ ಯಜಮಾನರೇ ಕುಳಿತು ಕೆಲಸ ಮಾಡುತ್ತಾರೆ.