ಮಾಂಟ್ರಿಯಲ್ ಚಳಿಗೆ ನನ್ನ ಫಾರೆಸ್ಟರ್, ಅದಕ್ಕೆ ಎಕ್ಸ್-ಐಸ್ ಸ್ನೋ ಟೈರು

ಊರಿಂದ ಇಲ್ಲಿಗೆ, ಕೆನಡಾದ ಮಾಂಟ್ರಿಯಲ್‌ಗೆ, ಹೊಸದಾಗಿ ಬಂದವರು ಕಾರು ಕೊಳ್ಳುವ ಮುಂಚೆ ನನ್ನನ್ನು ಕೇಳುವುದು ಒಂದೇ: "ಆಲ್ ವೀಲ್ ಡ್ರೈವ್ ಇದ್ದರೆ ಸಾಕಲ್ವಾ?" ಸಾಲದು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಕ್ಕರೆ ಗಾಡಿ ಹಿಮದಲ್ಲಿ ಸಲೀಸಾಗಿ ಹೊರಡುತ್ತದೆ. ಆದರೆ ಸಿಗ್ನಲ್ ಹತ್ತಿರ ನಿಲ್ಲಬೇಕಲ್ಲ, ಅಲ್ಲಿ ಕೈಹಿಡಿಯುವುದು ಟೈರು.

ನನ್ನದು ಸುಬಾರು ಫಾರೆಸ್ಟರ್, ಆಲ್ ವೀಲ್ ಡ್ರೈವ್ ಕಾರು. ಚಳಿಗಾಲಕ್ಕೆ ಮಿಶೆಲಿನ್ ಎಕ್ಸ್-ಐಸ್ ಸ್ನೋ ಟೈರು. ಎರಡರಲ್ಲಿ ಜಾಸ್ತಿ ಅಂಕ ಟೈರಿಗೇ ಕೊಡುತ್ತೇನೆ.

ಬೇಸಿಗೆ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತದೆ. ಎಕ್ಸ್-ಐಸ್ ಹಾಗಲ್ಲ. ರಾತ್ರಿಯೆಲ್ಲ ಮೈನಸ್ 20ರಲ್ಲಿ ಹೊರಗೆ ನಿಂತಿದ್ದರೂ ಬೆಳಿಗ್ಗೆ ಉಗುರಲ್ಲಿ ಒತ್ತಿದರೆ ಮೆತ್ತಗೇ ಇರುತ್ತದೆ. ಮೈತುಂಬ ಬ್ಲೇಡಲ್ಲಿ ಗೀರಿದ ಹಾಗೆ ಸಣ್ಣ ಸಣ್ಣ ಸೀಳುಗಳು. ಚಕ್ರ ಉರುಳುವಾಗ ಅವುಗಳ ಅಂಚೇ ಹಿಮವನ್ನು ಕಚ್ಚಿ ಹಿಡಿಯುವುದು. ಐಸು ಕಚ್ಚಲು ಲೋಹದ ಮೊಳೆ ಹೊಡೆದ ಟೈರೂ ಇವೆ; ಇದು ಮೊಳೆ ಇಲ್ಲದ ಟೈರಾದ್ದರಿಂದ ಹೆದ್ದಾರಿಯಲ್ಲಿ ಸದ್ದೂ ಕಡಿಮೆ.

ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಚಳಿಗಾಲದ ಟೈರು ಕಡ್ಡಾಯ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತನ್ನು ನೋಡಿಯೇ ಕೊಳ್ಳಿ. ಬರೀ 'ಎಂ+ಎಸ್' (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತಿದ್ದರೆ ಇಲ್ಲಿ ನಡೆಯಲ್ಲ.

ಕಾರಿನ ಬೆಲೆ ತಿಳಿಯುವುದು ಮಾಂಟ್ರಿಯಲ್‌ನ ಉತ್ತರಕ್ಕಿರುವ ಲೊರೆಂಶಿಯನ್ ಬೆಟ್ಟದ ಕಡೆಯ ಜಲ್ಲಿ ದಾರಿಗಳಲ್ಲಿ. ಗೆಳೆಯರ ಕಾಟೇಜಿಗೆ ಹೋಗುವ ಏರು ಇದೆ. ಕೆಳಗೆ ಐಸು, ಮೇಲೆ ಹೊಸ ಹಿಮ. ಫಾರೆಸ್ಟರ್ ನೆಲದಿಂದ 220 ಮಿಲಿಮೀಟರ್ ಎತ್ತರ, ಹೊಟ್ಟೆ ತಾಗುವ ಭಯ ಕಡಿಮೆ. ಎಕ್ಸ್-ಮೋಡ್ ಒತ್ತಿದರೆ ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ, ಹಿಡಿತ ಇರುವ ಚಕ್ರಕ್ಕೆ ಬಲ ಕೊಡುತ್ತದೆ. ಇಳಿಯುವಾಗ ವೇಗವನ್ನೂ ಹಿಡಿದಿಡುತ್ತದೆ. ಇಲ್ಲಿ ಕೆಲವರು ದಪ್ಪ ಕಟ್ಟಿನ ಆಲ್-ಟೆರೇನ್ ಟೈರು ಹಾಕಿಸುತ್ತಾರೆ. ಕೆಸರಿಗೆ, ಕಲ್ಲಿಗೆ ಅದು ಸರಿ. ಹೊಳೆಯುವ ಐಸಿನ ಮೇಲೆ ಅದರ ದೊಡ್ಡ ಬ್ಲಾಕುಗಳಿಗೆ ಕಚ್ಚಲು ಅಂಚು ಸಾಲದು.

ದುಡ್ಡು ಬಿಗಿಯಿದ್ದರೆ ಸಾದಾ ಫ್ರಂಟ್ ವೀಲ್ ಡ್ರೈವ್ ಕಾರು ತಗೊಳ್ಳಿ, ಉಳಿದದ್ದನ್ನು ಟೈರಿಗೆ ಹಾಕಿ. ಹಿಂದೆ ಮಕ್ಕಳನ್ನು ಕೂರಿಸಿಕೊಂಡು ಓಡಿಸುವವರಿಗಂತೂ ಇದನ್ನು ಕೈಮುಗಿದು ಹೇಳುತ್ತೇನೆ. ಹಾಕಿಸಿದರೆ ನಾಲ್ಕೂ ಹಾಕಿಸಿ. ಬರೀ ಮುಂದಕ್ಕೆ ಎರಡು ಹಾಕಿದರೆ ತಿರುವಿನಲ್ಲಿ ಹಿಂಭಾಗ ಜಾರಿ ಗಾಡಿ ಗಿರ್ರನೆ ತಿರುಗಬಹುದು. ಬೇರೆ ಸ್ಟೀಲ್ ರಿಮ್ ಮೇಲೆ ಕೂರಿಸಿಟ್ಟರೆ ಪ್ರತಿ ಸಲ ಬದಲಾಯಿಸುವ ಖರ್ಚು ಇಳಿಯುತ್ತದೆ. ಚಳಿ ಏರಿದ ಹಾಗೆ ಟೈರಿನ ಗಾಳಿಯ ಒತ್ತಡ ಇಳಿಯುತ್ತದೆ, ತಿಂಗಳಿಗೊಮ್ಮೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಇದನ್ನೇ ಹಾಕಿಕೊಂಡು ಸುಮ್ನೆ ಓಡಿಸಬೇಡಿ, ಮೆತ್ತನೆ ರಬ್ಬರು ಬೇಗ ಸವೆಯುತ್ತದೆ. ಟೈರಿನ ಕಟ್ಟುಗಳ ನಡುವಿನ ಆಳ 4 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಹೊಸದು ಕೊಂಡುಬಿಡಿ.